ಮಕ್ಕಳ ಕಣ್ಣಿನ ಪೊರೆ: ಲೇಸರ್‌ಗೆ ದುಡ್ಡು ಹೊಂದಿಸುವ ಮುನ್ನ ದಿನಗಳನ್ನು ಎಣಿಸಿ

ಹಸುಗೂಸಿನ ಕಣ್ಣಿನ ಪಾಪೆ ಬೆಳ್ಳಗೆ ಕಂಡಾಗ ಮನೆಯಲ್ಲಿ ಸಾಮಾನ್ಯವಾಗಿ ಎರಡು ಮಾತು ಬರುತ್ತವೆ. ಒಂದು, ‘ಪೊರೆ ಬರೋದು ವಯಸ್ಸಾದೋರಿಗೆ, ಮಗುಗೆ ಎಲ್ಲಿಂದ ಬರುತ್ತೆ?’ ಇನ್ನೊಂದು, ‘ಚಿಕ್ಕ ಕೂಸು, ಕತ್ತರಿ ಹಾಕ್ಸೋದು ಬೇಡ. ಸ್ವಲ್ಪ ದುಡ್ಡು ಹೊಂದಿಸ್ಕೊಂಡು ಆಮೇಲೆ ಲೇಸರ್‌ನಲ್ಲೇ ಮಾಡ್ಸೋಣ.’ ಎರಡೂ ಕಾಳಜಿಯ ಮಾತುಗಳೇ. ಆದರೆ ಹೀಗೆ ಕಾಯುವ ವಾರಗಳಲ್ಲೇ ಮಗುವಿನ ದೃಷ್ಟಿ ಕೈತಪ್ಪಿ ಹೋಗಬಹುದು. ಪೊರೆ ಆಪರೇಷನ್‌ಗೆ ಲೇಸರ್ ಬಂದಿರುವುದು ನಿಜ, ಮಕ್ಕಳಿಗೂ ಅದನ್ನು ಬಳಸಿದ್ದಾರೆ. ಅದು ಮಾಡುವ ಕೆಲಸ ಏನು, ಮಾಡದ ಕೆಲಸ ಏನು, ಪೋಷಕರು ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು ಎಂಬ ವಿವರ ಇಲ್ಲಿದೆ.

ಮಕ್ಕಳಿಗೂ ಪೊರೆ ಬರುತ್ತಾ?

ಬರುತ್ತದೆ. ಕಣ್ಣಿನ ಪಾಪೆಯ ಹಿಂದೆ ಗಾಜಿನಂತೆ ತಿಳಿಯಾದ ಒಂದು ಲೆನ್ಸ್ ಇರುತ್ತದೆ. ಅದು ಮಬ್ಬಾಗುವುದೇ ಪೊರೆ. ದೊಡ್ಡವರಲ್ಲಿ ಇದು ವಯಸ್ಸಿನಿಂದ ಆಗುತ್ತದೆ. ಮಕ್ಕಳಲ್ಲಿ ಹುಟ್ಟುವಾಗಲೇ ಇರಬಹುದು, ಬೆಳೆಯುತ್ತಾ ಬರಬಹುದು, ಪೆಟ್ಟಿನಿಂದಲೂ ಆಗಬಹುದು. ಬೇರೆ ಬೇರೆ ದೇಶಗಳ ಅಧ್ಯಯನಗಳ ಪ್ರಕಾರ 10 ಸಾವಿರ ಮಕ್ಕಳಲ್ಲಿ ಸುಮಾರು 1ರಿಂದ 15 ಮಕ್ಕಳಿಗೆ ಪೊರೆ ಇರುತ್ತದೆ. ಸಂಖ್ಯೆ ಸಣ್ಣದೆನಿಸಬಹುದು. ಆದರೆ ಚಿಕಿತ್ಸೆಯಿಂದ ತಪ್ಪಿಸಬಹುದಾದ ಮಕ್ಕಳ ಕುರುಡುತನದಲ್ಲಿ ಪೊರೆಯದ್ದು ದೊಡ್ಡ ಪಾಲು.

ಕಾರಣಗಳು ಹಲವು. ವಂಶವಾಹಿಯ ದೋಷ ಒಂದು. ಸೋದರಮಾವ, ಅತ್ತೆ ಮಗ ಎಂದು ರಕ್ತಸಂಬಂಧದಲ್ಲೇ ಮದುವೆಯಾದ ಕುಟುಂಬಗಳಲ್ಲಿ ಕೆಲವು ಬಗೆಯ ವಂಶಪಾರಂಪರ್ಯ ಪೊರೆಯ ಸಾಧ್ಯತೆ ಹೆಚ್ಚು. ಇನ್ನೊಂದು, ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗಲುವ ರುಬೆಲ್ಲಾ ಸೋಂಕು. ತಾಯಿಗೆ ಸಣ್ಣ ಜ್ವರ, ಮೈಮೇಲೆ ಗಂಧೆ ಬಂದು ಹೋಗಿರುತ್ತದೆ ಅಷ್ಟೇ. ಹೊಟ್ಟೆಯಲ್ಲಿರುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಮಾತ್ರ ಹಾನಿಯಾಗಿರುತ್ತದೆ. ಈ ಸಂಬಂಧವನ್ನು 1941ರಲ್ಲಿ ಮೊದಲು ಗುರುತಿಸಿದವರು ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್. 2017ರ ಫೆಬ್ರುವರಿಯಲ್ಲಿ ದೇಶದಲ್ಲಿ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಆರಂಭವಾದಾಗ ಮೊದಲ ಸುತ್ತಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಈಗ ಮಗುವಿಗೆ 9ರಿಂದ 12 ತಿಂಗಳಲ್ಲಿ ಒಂದು, 16ರಿಂದ 24 ತಿಂಗಳಲ್ಲಿ ಇನ್ನೊಂದು ಡೋಸ್ ಕೊಡುತ್ತಾರೆ. ಇಂದು ಹೆಣ್ಣುಮಗುವಿಗೆ ಹಾಕಿಸುವ ಈ ಲಸಿಕೆ ಮುಂದೆ ಅವಳ ಮಗುವಿನ ಕಣ್ಣನ್ನೂ ಕಾಯುತ್ತದೆ.

ಸ್ವಲ್ಪ ದೊಡ್ಡ ಮಕ್ಕಳಲ್ಲಿ ಪೆಟ್ಟು ಮುಖ್ಯ ಕಾರಣ. ಚಿನ್ನಿದಾಂಡು, ಬಿಲ್ಲು ಬಾಣದ ಆಟ, ಪೆನ್ಸಿಲ್ ಮೊನೆ, ದೀಪಾವಳಿಯ ಪಟಾಕಿ ಯಾವುದಾದರೂ ಸಾಕು. ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ಸ್ಟಿರಾಯ್ಡ್ ಹನಿ ಹಾಕುವುದರಿಂದಲೂ ಪೊರೆ ಬರಬಹುದು.

ಯಾಕೆ ಇಷ್ಟು ಅವಸರ?

ಅಜ್ಜನ ಪೊರೆ ಆಪರೇಷನ್ ಸುಗ್ಗಿ ಮುಗಿಯುವ ತನಕ ಮುಂದೆ ಹೋದರೂ ಸಾಮಾನ್ಯವಾಗಿ ದೊಡ್ಡ ನಷ್ಟವಿಲ್ಲ. ಅಜ್ಜನ ಮಿದುಳು ನೋಡುವುದನ್ನು ಯಾವತ್ತೋ ಕಲಿತಿದೆ, ಪೊರೆ ತೆಗೆದರೆ ಮತ್ತೆ ಕಾಣುತ್ತದೆ. ಮಗುವಿನ ಲೆಕ್ಕ ಬೇರೆ. ನೋಡುವುದನ್ನು ಮಿದುಳು ಇನ್ನೂ ಕಲಿಯಬೇಕು. ಹುಟ್ಟಿದ ಮೊದಲ ವಾರಗಳಲ್ಲಿ, ತಿಂಗಳುಗಳಲ್ಲಿ ಕಣ್ಣಿನಿಂದ ಸ್ಪಷ್ಟ ಚಿತ್ರ ಬಾರದಿದ್ದರೆ ಮಿದುಳು ಆ ಕಣ್ಣನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದಕ್ಕೆ ಮಂದಗಣ್ಣು ಅಥವಾ ‘ಲೇಜಿ ಐ’ ಎನ್ನುತ್ತಾರೆ. ಆಮೇಲೆ ಪೊರೆ ತೆಗೆದು ಕಣ್ಣು ಕನ್ನಡಿಯಂತಾದರೂ ದೃಷ್ಟಿ ಪೂರ್ತಿ ಬರುವುದಿಲ್ಲ.

ಅಮೆರಿಕದಲ್ಲಿ ಡೇವಿಡ್ ಹ್ಯೂಬೆಲ್, ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಮೇಲೆ ಇದನ್ನು ತೋರಿಸಿದರು. ಎಳೆಯ ಮರಿಯ ಒಂದು ಕಣ್ಣನ್ನು ಕೆಲವು ವಾರ ಮುಚ್ಚಿಟ್ಟು ಮತ್ತೆ ತೆರೆದರೆ ಕಣ್ಣು ಚೆನ್ನಾಗಿಯೇ ಇರುತ್ತಿತ್ತು, ಮಿದುಳು ಮಾತ್ರ ಆ ಕಣ್ಣಿಗೆ ಸ್ಪಂದಿಸುತ್ತಿರಲಿಲ್ಲ. ದೊಡ್ಡ ಬೆಕ್ಕಿಗೆ ಹಾಗೆ ಮಾಡಿದರೆ ಏನೂ ಆಗುತ್ತಿರಲಿಲ್ಲ. ಈ ಕೆಲಸಕ್ಕೆ ಅವರಿಗೆ 1981ರ ನೊಬೆಲ್ ಪ್ರಶಸ್ತಿ ಬಂತು.

ಹಾಗಾಗಿ ಹುಟ್ಟಿನಿಂದಲೇ ಒಂದು ಕಣ್ಣಿನಲ್ಲಿ ದಟ್ಟ ಪೊರೆ ಇದ್ದರೆ ಸುಮಾರು 4ರಿಂದ 6 ವಾರದೊಳಗೆ, ಎರಡೂ ಕಣ್ಣಿನಲ್ಲಿದ್ದರೆ ಸುಮಾರು 6ರಿಂದ 8 ವಾರದೊಳಗೆ ತೆಗೆಸುವುದು ಒಳ್ಳೆಯದು ಎಂದು ವೈದ್ಯರು ಹೇಳುತ್ತಾರೆ. ಮೊದಲ 4 ವಾರದೊಳಗೇ ಮಾಡಿದರೆ ಮುಂದೆ ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡದ ಕಾಯಿಲೆಯ ಅಪಾಯ ಹೆಚ್ಚು. ಅಂದರೆ ಸಿಗುವ ಸಮಯ ಕಿರಿದು.

ಎಲ್ಲ ಪೊರೆಗೂ ಆಪರೇಷನ್ ಬೇಕು ಅಂತೇನಿಲ್ಲ. ಸೂಜಿಮೊನೆಯಷ್ಟು ಚುಕ್ಕೆ, ಅಂಚಿನಲ್ಲಿರುವ ಮಬ್ಬು ಇದ್ದರೆ ಕನ್ನಡಕ, ಹನಿ, ಆಗಾಗ ತಪಾಸಣೆಯಲ್ಲೇ ನಡೆಯಬಹುದು. ಅದನ್ನು ತೀರ್ಮಾನಿಸಬೇಕಾದವರು ಮಕ್ಕಳ ಕಣ್ಣಿನ ತಜ್ಞರು, ಮನೆಯವರಲ್ಲ.

ಬಾಣಂತನದಲ್ಲೇ ಕಳೆದುಹೋಗುವ ದಿನಗಳು

ಈ ಆರು ವಾರ ನಮ್ಮ ಕಡೆ ಎಲ್ಲಿ ಕಳೆಯುತ್ತದೆ? ತವರುಮನೆಯ ಬಾಣಂತಿ ಕೋಣೆಯಲ್ಲಿ. ಗಾಳಿ, ಬೆಳಕು ಹೆಚ್ಚು ಬಾರದ ಕೋಣೆ, ಹೊರಗಿನವರಿಗೆ ಪ್ರವೇಶ ಕಡಿಮೆ, ದಿನದ ಬಹುಪಾಲು ಮಗು ನಿದ್ದೆಯಲ್ಲಿ. ಅಲ್ಲಿ ಕಣ್ಣಿನ ಬಿಳುಪು ಯಾರಿಗೂ ಕಾಣದೇ ಹೋಗುವುದು ಸುಲಭ. ಕಂಡರೂ ‘ಮೂರು ತಿಂಗಳು ಮುಗೀಲಿ, ಆಮೇಲೆ ತೋರ್ಸೋಣ’ ಎನ್ನುತ್ತಾರೆ. ಅಷ್ಟರಲ್ಲಿ ಎದೆಹಾಲು, ಹರಳೆಣ್ಣೆ, ಜೇನುತುಪ್ಪ ಬಿಡುವ ಪ್ರಯೋಗವೂ ಆಗಿರುತ್ತದೆ. ಇವುಗಳಿಂದ ಪೊರೆ ಕರಗುವುದಿಲ್ಲ, ಸೋಂಕು ಮಾತ್ರ ಬರಬಹುದು. ಪೊರೆಯನ್ನು ಕರಗಿಸುವ ಹನಿ ಔಷಧಿ ಅಲೋಪಥಿಯಲ್ಲೂ ಇಲ್ಲ.

ಇಲ್ಲಿ ನೆರವಾಗಬಲ್ಲವರು ಆಶಾ ಕಾರ್ಯಕರ್ತೆಯರು. ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬಂದು ತಾಯಿ, ಮಗುವನ್ನು ನೋಡಬೇಕು. 42ನೇ ದಿನ ಅಂದರೆ ಸರಿಯಾಗಿ ಆರು ವಾರ. ಆ ಕೊನೆಯ ಭೇಟಿಯಲ್ಲಿ ಪೊರೆ ಗೊತ್ತಾದರೆ ತಡವಾದಂತೆಯೇ. ಮೊದಲ ಭೇಟಿಯಲ್ಲೇ ‘ಕಣ್ಣು ಒಂದ್ಸಲ ನೋಡಿ ಮೇಡಂ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ಮೊದಲೂ ಮಕ್ಕಳ ವೈದ್ಯರನ್ನು ಕೇಳಬಹುದು. ಟಾರ್ಚಿನಂಥ ಪುಟ್ಟ ಉಪಕರಣದಿಂದ ಪಾಪೆಯೊಳಗೆ ಬೆಳಕು ಬಿಟ್ಟಾಗ ಕೆಂಪು ಹೊಳಪು ಕಾಣಬೇಕು. ಎರಡೂ ಕಣ್ಣಿನಲ್ಲಿ ಒಂದೇ ರೀತಿ ಕಂಡರೆ ಸಮಾಧಾನ, ಕಾಣದಿದ್ದರೆ ತಜ್ಞರ ಬಳಿ ಹೋಗಲೇಬೇಕು. ಈ ಪರೀಕ್ಷೆಗೆ ಒಂದೆರಡು ನಿಮಿಷ ಸಾಕು.

ಮನೆಯಲ್ಲಿ ಗಮನಿಸಬೇಕಾದ ಲಕ್ಷಣಗಳು:

• ಪಾಪೆಯಲ್ಲಿ ಬಿಳಿ ಅಥವಾ ಬೂದು ಬಣ್ಣ
• ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಳ್ಳಗೆ ಹೊಳೆಯುವುದು
• ಎರಡು–ಮೂರು ತಿಂಗಳಾದರೂ ತಾಯಿಯ ಮುಖ ನೋಡದಿರುವುದು, ಬೆಳಕು ಅಥವಾ ಆಟಿಕೆಯನ್ನು ಹಿಂಬಾಲಿಸದಿರುವುದು
• ಕಣ್ಣುಗುಡ್ಡೆ ಸದಾ ಅಲುಗಾಡುವುದು
• ಮೆಳ್ಳೆಗಣ್ಣು. ಇದನ್ನು ಅದೃಷ್ಟ ಎಂದು ಬಿಟ್ಟುಬಿಡುವವರಿದ್ದಾರೆ, ಆದರೆ ಒಳಗೆ ಪೊರೆ ಇರಬಹುದು

ಇನ್ನೊಂದು ಎಚ್ಚರಿಕೆ. ಪಾಪೆ ಬೆಳ್ಳಗೆ ಕಂಡರೆ ಅದು ಪೊರೆಯೇ ಎಂದು ಭಾವಿಸಬಾರದು. ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್ ಕೂಡ ಹೀಗೆಯೇ ಕಾಣುತ್ತದೆ. ಅದರಲ್ಲಿ ತಡ ಮಾಡಿದರೆ ಮಗುವಿನ ಜೀವಕ್ಕೇ ಅಪಾಯ.

‘ಲೇಸರ್ ಆಪರೇಷನ್’ ಅಂದ್ರೆ ಯಾವುದು?

ನಮ್ಮ ಊರುಗಳಲ್ಲಿ ಹೊಲಿಗೆ ಇಲ್ಲದ ಪೊರೆ ಆಪರೇಷನ್‌ಗೆಲ್ಲ ‘ಲೇಸರ್’ ಅನ್ನೋದು ರೂಢಿ. ನಿಜದಲ್ಲಿ ಮೂರು ಬೇರೆ ಬೇರೆ ಚಿಕಿತ್ಸೆಗಳು ಈ ಒಂದೇ ಹೆಸರಿನಲ್ಲಿ ಓಡಾಡುತ್ತಿವೆ.

ಮೊದಲನೆಯದು ಫೇಕೋ. ಇದರಲ್ಲಿ ಲೇಸರ್ ಇಲ್ಲವೇ ಇಲ್ಲ. ಶಬ್ದಾತೀತ ಕಂಪನದಿಂದ ಗಟ್ಟಿ ಪೊರೆಯನ್ನು ಪುಡಿ ಮಾಡಿ ಹೀರುತ್ತಾರೆ. ಹೆಚ್ಚಿನವರು ‘ಲೇಸರ್ ಮಾಡಿಸ್ಕೊಂಡೆ’ ಎನ್ನುವುದು ಇದನ್ನೇ.

ಎರಡನೆಯದು ಯಾಗ್ ಲೇಸರ್. ಆಪರೇಷನ್ ಆಗಿ ತಿಂಗಳುಗಳೋ ವರ್ಷಗಳೋ ಆದ ಮೇಲೆ ಲೆನ್ಸ್‌ನ ಹಿಂದಿನ ಪದರ ಮತ್ತೆ ಮಬ್ಬಾದರೆ ಅದರಲ್ಲಿ ಸಣ್ಣ ಕಿಂಡಿ ಮಾಡಲು ಬಳಸುತ್ತಾರೆ. ಯಂತ್ರದ ಮುಂದೆ ಗಲ್ಲ ಇಟ್ಟು ಅಲುಗಾಡದೆ ಕೂರಬಲ್ಲ ಮಕ್ಕಳಿಗೆ ಇದನ್ನು ಮಾಡಬಹುದು.

ಮೂರನೆಯದು ಫೆಮ್ಟೋಸೆಕೆಂಡ್ ಲೇಸರ್. ‘ಲೇಸರ್ ನೆರವಿನ ಪೊರೆ ಶಸ್ತ್ರಚಿಕಿತ್ಸೆ’ ಎಂದರೆ ಅಸಲಿಗೆ ಇದು. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ಫೆಮ್ಟೋಸೆಕೆಂಡ್. ಅಂಥ ಕೆಲವು ನೂರು ಭಾಗದಷ್ಟು ಹೊತ್ತು ಮಾತ್ರ ಮಿನುಗುವ ಬೆಳಕು ಇದು. ಅಷ್ಟು ಚಿಕ್ಕ ಅವಧಿಯಾದ್ದರಿಂದ ಸುತ್ತಲಿನ ಭಾಗ ಸುಡುವುದಿಲ್ಲ. ಬೆಳಕು ಕೇಂದ್ರೀಕರಿಸಿದ ಬಿಂದುವಿನಲ್ಲಿ ಮಾತ್ರ ಅಂಗಾಂಶ ಬಿಡಿಯಾಗುತ್ತದೆ. ಸಾವಿರಾರು ಬಿಂದುಗಳನ್ನು ಒತ್ತೊತ್ತಾಗಿ ಇಟ್ಟರೆ ಅದೇ ಒಂದು ಗೆರೆ. ಪೊರೆ ಆಪರೇಷನ್‌ಗೆ ಇದನ್ನು ಮೊದಲು ಮನುಷ್ಯರ ಕಣ್ಣಿನಲ್ಲಿ ಬಳಸಿದವರು ಹಂಗೇರಿಯ ಬುಡಾಪೆಸ್ಟ್‌ನ ಡಾ. ಝೋಲ್ಟಾನ್ ನಾಜ್, 2008ರಲ್ಲಿ.

ಮಕ್ಕಳ ಕಣ್ಣಿನಲ್ಲಿ ಅದರ ಕೆಲಸ ಏನು?

ಲೆನ್ಸ್ ಸುತ್ತ ತೆಳುವಾದ ಒಂದು ಚೀಲ ಇರುತ್ತದೆ. ಪೊರೆ ತೆಗೆಯಲು ಮೊದಲು ಈ ಚೀಲದ ಮುಂಭಾಗದಲ್ಲಿ ದುಂಡನೆಯ ಕಿಂಡಿ ಬಿಡಿಸಬೇಕು. ಆ ದುಂಡು ಅಂಚು ಹರಿಯದೆ ಇದ್ದರೆ ಕೃತಕ ಲೆನ್ಸ್ ಚೀಲದೊಳಗೆ ಭದ್ರವಾಗಿ ಕೂರುತ್ತದೆ. ದೊಡ್ಡವರ ಚೀಲ ತೆಳು ಕಾಗದದಂತೆ ಹೇಳಿದ ಮಾತು ಕೇಳುತ್ತದೆ. ಮಕ್ಕಳದ್ದು ಬಲೂನಿನಂತೆ, ಎಳೆದರೆ ಹಿಗ್ಗುತ್ತದೆ, ಹರಿಯಲು ಶುರುವಾದರೆ ಅಂಚಿನ ಕಡೆಗೇ ಓಡುತ್ತದೆ. ಮಕ್ಕಳ ಪೊರೆ ಆಪರೇಷನ್‌ನಲ್ಲಿ ಕೈ ನಡುಗಿಸುವ ಘಟ್ಟ ಇದೇ.

ಲೇಸರ್ ನೆರವಾಗುವುದು ಈ ಘಟ್ಟದಲ್ಲಿ. ಯಂತ್ರ ಮೊದಲು ಕಣ್ಣಿನ ಒಳಪದರಗಳನ್ನು ಸ್ಕ್ಯಾನ್ ಮಾಡಿ, ಆಮೇಲೆ ಕೆಲವೇ ಸೆಕೆಂಡುಗಳಲ್ಲಿ ಹೇಳಿದ ಅಳತೆಯ ವೃತ್ತ ಕತ್ತರಿಸುತ್ತದೆ. ಜರ್ಮನಿಯ ಬೋಹಮ್ ವಿಶ್ವವಿದ್ಯಾಲಯದ ಕಣ್ಣಿನ ಆಸ್ಪತ್ರೆಯಲ್ಲಿ ಡಾ. ಬರ್ಕ್‌ಹಾರ್ಡ್ ಡಿಕ್ ಮತ್ತು ಡಾ. ಟಿಮ್ ಶುಲ್ಟ್ಸ್ ಇದನ್ನು ಹಸುಗೂಸುಗಳಲ್ಲಿ ಬಳಸಿ 2013ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಅಲ್ಲಿ ಒಂದು ವಿಷಯ ಗೊತ್ತಾಯಿತು. ಮಕ್ಕಳ ಚೀಲ ಹಿಗ್ಗುವ ಗುಣದ್ದಾದ್ದರಿಂದ ಯಂತ್ರಕ್ಕೆ ಕೊಟ್ಟ ಅಳತೆಗಿಂತ ಕಿಂಡಿ ದೊಡ್ಡದಾಗಿಯೇ ತೆರೆದುಕೊಳ್ಳುತ್ತಿತ್ತು, ಮಗು ಚಿಕ್ಕದಾದಷ್ಟೂ ಇದು ಹೆಚ್ಚು. ಹಾಗಾಗಿ ಮಗುವಿನ ವಯಸ್ಸು ನೋಡಿ ಎಷ್ಟು ಚಿಕ್ಕ ಅಳತೆ ಕೊಡಬೇಕು ಎಂಬ ಲೆಕ್ಕವನ್ನು ಆ ತಂಡವೇ ರೂಪಿಸಿತು. 2015ರಲ್ಲಿ ಪ್ರಕಟವಾದ ಅದಕ್ಕೆ ‘ಬೋಹಮ್ ಸೂತ್ರ’ ಎಂದೇ ಹೆಸರು.

ಅದು ಮಾಡದ ಕೆಲಸ

ಲೇಸರ್‌ನ ಇನ್ನೊಂದು ಕೆಲಸ ಗಟ್ಟಿ ಪೊರೆಯನ್ನು ತುಂಡು ಮಾಡುವುದು. ವಯಸ್ಸಾದವರಿಗೆ ಅದು ಉಪಯೋಗ. ಮಕ್ಕಳ ಪೊರೆ ಮೆತ್ತಗಿರುವುದರಿಂದ ತುಂಡು ಮಾಡುವ ಅಗತ್ಯವೇ ಇಲ್ಲ, ಹಾಗೇ ಹೀರಿ ತೆಗೆಯಬಹುದು. ಪೊರೆ ತೆಗೆಯುವುದು, ಹಿಂದಿನ ಜೆಲ್ಲಿಯ ಸ್ವಲ್ಪ ಭಾಗ ಕತ್ತರಿಸುವುದು, ಲೆನ್ಸ್ ಕೂರಿಸುವುದು, ಹೊಲಿಗೆ ಹಾಕುವುದು, ಇವೆಲ್ಲ ಆಗಬೇಕಾದ್ದು ಸರ್ಜನ್ ಕೈಯಲ್ಲೇ. ‘ಕತ್ತರಿ ತಾಗದ ಆಪರೇಷನ್’ ಎಂಬುದು ಮಕ್ಕಳ ಪೊರೆಯಲ್ಲಿ ಇಲ್ಲ.

ತೊಡಕುಗಳೂ ಇವೆ. ಕಣ್ಣಿನ ಮೇಲೆ ಬಳೆಯಂಥ ಭಾಗ ಕೂರಿಸಿ, ಗಾಳಿ ಹೀರಿ ಕಣ್ಣನ್ನು ಹಿಡಿದಿಟ್ಟುಕೊಂಡ ಮೇಲೆಯೇ ಲೇಸರ್ ಕೆಲಸ ಮಾಡುವುದು. ಈ ಯಂತ್ರಗಳು ದೊಡ್ಡವರ ಅಳತೆಗೆ ತಯಾರಾದವು. ಹಸುಗೂಸಿನ ರೆಪ್ಪೆಗಳ ನಡುವಿನ ಜಾಗ ಸಾಲದೇ ಹೋಗಬಹುದು. ಪಾಪೆ ಚೆನ್ನಾಗಿ ಅಗಲವಾಗದಿದ್ದರೆ, ಕಣ್ಣಿನ ಮೇಲ್ಪದರವೇ ಮಬ್ಬಾಗಿದ್ದರೆ ಲೇಸರ್ ಆಗುವುದಿಲ್ಲ. ಮಕ್ಕಳಿಗೆ ಪೂರ್ತಿ ಅರಿವಳಿಕೆ ಬೇಕು, ಯಂತ್ರ ಬೇರೆ ಕೋಣೆಯಲ್ಲಿದ್ದರೆ ಅರಿವಳಿಕೆಯಲ್ಲಿರುವ ಮಗುವನ್ನು ಸಾಗಿಸುವುದೇ ಒಂದು ರಿಸ್ಕ್.

ದೊಡ್ಡವರಲ್ಲಿ ಫೆಮ್ಟೋ ಲೇಸರ್ ಮತ್ತು ಫೇಕೋವನ್ನು ಹೋಲಿಸಿ ಫ್ರಾನ್ಸ್‌ನ 5 ವಿಶ್ವವಿದ್ಯಾಲಯ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹೆಚ್ಚಿನ ಖರ್ಚಿಗೆ ತಕ್ಕ ಹೆಚ್ಚಿನ ಲಾಭ ಅದರಲ್ಲಿ ಕಾಣಲಿಲ್ಲ. ಮಕ್ಕಳಲ್ಲೂ ನುರಿತ ಸರ್ಜನ್ ಕೈಯಿಂದಲೋ, ಕತ್ತರಿಸುತ್ತಲೇ ಹೀರುವ ವಿಟ್ರೆಕ್ಟರ್ ಉಪಕರಣದಿಂದಲೋ ಆ ಕಿಂಡಿಯನ್ನು ಚೆನ್ನಾಗಿಯೇ ಮಾಡುತ್ತಾರೆ. ಚೀಲ ಸ್ಪಷ್ಟವಾಗಿ ಕಾಣಲೆಂದು ನೀಲಿ ಬಣ್ಣ ಹಚ್ಚುವ ಕ್ರಮವೂ ಇದೆ. ಒಟ್ಟಿನಲ್ಲಿ ಲೇಸರ್ ಇದ್ದರೆ ಒಂದು ಅನುಕೂಲ, ಇಲ್ಲದಿದ್ದರೆ ಮಗುವಿನ ದೃಷ್ಟಿಗೆ ನಷ್ಟವಿಲ್ಲ. ಲೇಸರ್‌ಗಾಗಿ ಮೂರು ತಿಂಗಳು ಕಾದರೆ ಮಾತ್ರ ನಷ್ಟ ಖಂಡಿತ.

ಲೆನ್ಸ್ ಕೂಡಲೇ ಹಾಕ್ತಾರಾ?

ಮಗುವಿನ ವಯಸ್ಸಿನ ಮೇಲೆ ಹೋಗುತ್ತದೆ. ಹುಟ್ಟಿದಾಗ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್, ದೊಡ್ಡವರಾದಾಗ ಸುಮಾರು 23–24. ಕಣ್ಣು ಬೆಳೆದಂತೆ ಪವರ್ ಬದಲಾಗುತ್ತದೆ, ಒಳಗೆ ಹಾಕಿದ ಲೆನ್ಸ್ ಮಾತ್ರ ಬದಲಾಗುವುದಿಲ್ಲ. ಒಂದೇ ಕಣ್ಣಿನಲ್ಲಿ ಪೊರೆ ಇದ್ದ 114 ಹಸುಗೂಸುಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ ಈ ಪ್ರಶ್ನೆಗೆ ಉತ್ತರ ಹುಡುಕಿತು. ಅರ್ಧ ಮಕ್ಕಳಿಗೆ ಒಳಗೇ ಲೆನ್ಸ್ ಹಾಕಿದರು, ಉಳಿದವರಿಗೆ ಹೊರಗಿನಿಂದ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟರು. ನಾಲ್ಕೂವರೆ ವರ್ಷವಾದಾಗ ದೃಷ್ಟಿಯಲ್ಲಿ ಎರಡೂ ಗುಂಪಿಗೆ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಆದರೆ ಒಳಗೆ ಲೆನ್ಸ್ ಹಾಕಿಸಿಕೊಂಡ ಗುಂಪಿನಲ್ಲಿ ಮತ್ತೆ ಮತ್ತೆ ಆಪರೇಷನ್ ಬೇಕಾದದ್ದು ತುಂಬಾ ಹೆಚ್ಚು. ಹಾಗಾಗಿ ಏಳು ತಿಂಗಳಿಗಿಂತ ಚಿಕ್ಕ ಮಗುವಿಗೆ ‘ಈಗ ಲೆನ್ಸ್ ಬೇಡ, ದಪ್ಪ ಕನ್ನಡಕ ಅಥವಾ ಕಾಂಟ್ಯಾಕ್ಟ್ ಲೆನ್ಸ್ ಸಾಕು’ ಎಂದು ಡಾಕ್ಟ್ರು ಹೇಳಿದರೆ ಅದು ಅರ್ಧಂಬರ್ಧ ಚಿಕಿತ್ಸೆ ಅಲ್ಲ.

ಆಪರೇಷನ್ ಆದ ಮೇಲೆ ಅಸಲಿ ಕೆಲಸ

ಪೊರೆ ತೆಗೆಯಲು ಬೇಕಾಗುವುದು ಹೆಚ್ಚೆಂದರೆ ಒಂದೆರಡು ಗಂಟೆ. ಮಿದುಳಿಗೆ ನೋಡುವುದನ್ನು ಕಲಿಸಲು ವರ್ಷಗಳು ಬೇಕು. ಆ ಕೆಲಸ ಯಂತ್ರದ್ದಲ್ಲ, ಅಪ್ಪ ಅಮ್ಮನದು.

ಒಳಗೆ ಲೆನ್ಸ್ ಹಾಕಿದ್ದರೂ ಕನ್ನಡಕ ಬೇಕೇ ಬೇಕು. ಕೃತಕ ಲೆನ್ಸ್ ಹತ್ತಿರಕ್ಕೂ ದೂರಕ್ಕೂ ತಾನಾಗಿ ಹೊಂದಿಕೊಳ್ಳುವುದಿಲ್ಲ. ಒಂದೇ ಕಣ್ಣಿಗೆ ಆಪರೇಷನ್ ಆಗಿದ್ದರೆ ಚೆನ್ನಾಗಿರುವ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಅಂಟಿಸಿ, ಮಂದಗಣ್ಣಿನಿಂದಲೇ ನೋಡುವಂತೆ ಮಾಡಬೇಕು. ಮೇಲೆ ಹೇಳಿದ ಅಧ್ಯಯನದಲ್ಲಿ ಮಗುವಿಗೆ ಎಷ್ಟು ತಿಂಗಳೋ ಅಷ್ಟು ಗಂಟೆ ದಿನಕ್ಕೆ ಪಟ್ಟಿ, ಎಂಟು ತಿಂಗಳು ದಾಟಿದ ಮೇಲೆ ಎಚ್ಚರವಿರುವ ಹೊತ್ತಿನ ಅರ್ಧ ಎಂಬ ನಿಯಮವಿತ್ತು. ನಿಮ್ಮ ಮಗುವಿಗೆ ಎಷ್ಟು ಎಂಬುದನ್ನು ವೈದ್ಯರು ಹೇಳುತ್ತಾರೆ.

ಹೇಳೋದು ಸುಲಭ. ಮಗು ಅಳುತ್ತದೆ, ಪಟ್ಟಿ ಕಿತ್ತು ಹಾಕುತ್ತದೆ. ‘ಪಾಪ, ಇದ್ಯಾಕೆ ಹಿಂಸೆ’ ಎಂದು ಅಜ್ಜಿಯೇ ತೆಗೆದುಬಿಡುತ್ತಾರೆ. ‘ಹುಡುಗಿಗೆ ಕನ್ನಡಕ ಯಾಕೆ’ ಎನ್ನುವ ನೆಂಟರೂ ಇದ್ದಾರೆ. ಆಪರೇಷನ್ ಚೆನ್ನಾಗಿ ಆಗಿಯೂ ದೃಷ್ಟಿ ಬಾರದೇ ಹೋಗುವುದು ಹಲವು ಸಲ ಇಲ್ಲಿಯೇ. ಅಂಗನವಾಡಿ, ಶಾಲೆಯ ಟೀಚರ್‌ಗೂ ಪಟ್ಟಿಯ ವಿಷಯ ತಿಳಿಸಿಟ್ಟರೆ ಅರ್ಧ ಜಗಳ ಕಡಿಮೆ.

ಮಕ್ಕಳಲ್ಲಿ ಚೀಲದ ಹಿಂಭಾಗ ಮತ್ತೆ ಮಬ್ಬಾಗುವುದು ಸಾಮಾನ್ಯ. ಗ್ಲಾಕೋಮಾ ಎಷ್ಟೋ ವರ್ಷಗಳ ನಂತರವೂ ಬರಬಹುದು, ಶುರುವಿನಲ್ಲಿ ನೋವೂ ಇರದು. ಆದ್ದರಿಂದ ‘ಚೆನ್ನಾಗಿ ಕಾಣ್ತಿದೆಯಲ್ಲ’ ಎಂದು ತಪಾಸಣೆ ಬಿಡುವಂತಿಲ್ಲ.

ತಡವಾಗಿದ್ದರೆ?

ತಡವಾಯ್ತು ಎಂದು ಕೈಬಿಡಬಾರದು. ಅಮೆರಿಕದ ಎಂಐಟಿಯ ವಿಜ್ಞಾನಿ ಪವನ್ ಸಿನ್ಹಾ ಅವರ ‘ಪ್ರಾಜೆಕ್ಟ್ ಪ್ರಕಾಶ್’ ಉತ್ತರ ಭಾರತದಲ್ಲಿ ಹುಟ್ಟಿನಿಂದ ಪೊರೆ ಇದ್ದೂ ಚಿಕಿತ್ಸೆ ಸಿಗದ ಮಕ್ಕಳಿಗೆ ದೆಹಲಿಯಲ್ಲಿ ಆಪರೇಷನ್ ಮಾಡಿಸಿತು. ಕೆಲವರ ವಯಸ್ಸು 8, ಕೆಲವರದು 17. ಕಣ್ಣು ಬಂದ ಮೊದಲ ದಿನಗಳಲ್ಲಿ ಕೈಯಿಂದ ಮುಟ್ಟಿದ ವಸ್ತುವನ್ನು ಕಣ್ಣಿನಿಂದ ಗುರುತಿಸಲು ಅವರಿಗೆ ಆಗಲಿಲ್ಲ, ಕೆಲ ದಿನಗಳಲ್ಲೇ ಕಲಿಯತೊಡಗಿದರು. ಸಣ್ಣ ಅಕ್ಷರ ಓದುವಷ್ಟು ಸೂಕ್ಷ್ಮ ದೃಷ್ಟಿ ಬರದಿದ್ದರೂ ಓಡಾಡಲು, ಗುರುತು ಹಿಡಿಯಲು ನೆರವಾಗುವಷ್ಟು ಬಂತು. ಅಂದರೆ ಬೇಗ ಮಾಡಿಸಿದಷ್ಟೂ ಹೆಚ್ಚು ಸಿಗುತ್ತದೆ, ತಡವಾಗಿ ಮಾಡಿಸಿದರೂ ಏನಾದರೂ ಸಿಗುತ್ತದೆ.

ಎಲ್ಲಿಗೆ ಹೋಗೋದು, ಖರ್ಚು ಹೇಗೆ?

ಮಕ್ಕಳ ಪೊರೆಗೆ ಮಕ್ಕಳ ಕಣ್ಣಿನ ತಜ್ಞರು, ಮಕ್ಕಳಿಗೆ ಅರಿವಳಿಕೆ ಕೊಡಬಲ್ಲ ವೈದ್ಯರು ಇಬ್ಬರೂ ಇರುವ ಆಸ್ಪತ್ರೆ ಬೇಕು. ಊರಿನ ಪೊರೆ ಕ್ಯಾಂಪ್‌ಗೆ ಕರೆದೊಯ್ದು ಮುಗಿಸುವ ಕೆಲಸ ಇದಲ್ಲ.

ಮೊದಲ ಬಾಗಿಲು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದರೆ ಆರ್‌ಬಿಎಸ್‌ಕೆ. 2013ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಹುಟ್ಟಿನಿಂದ ಬರುವ ಪೊರೆ ಅದರ ಪಟ್ಟಿಯಲ್ಲೇ ಇದೆ. ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಆದರೆ ಹಸುಗೂಸಿನ ವಿಷಯದಲ್ಲಿ ತಂಡ ಬರುವ ತನಕ ಕಾಯಬಾರದು. ಆಶಾ ಕಾರ್ಯಕರ್ತೆಯ ಮೂಲಕ ಅಥವಾ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿಂದ ಜಿಲ್ಲಾಸ್ಪತ್ರೆಗೆ, ಬೇಕಾದರೆ ಬೆಂಗಳೂರಿನ ಮಿಂಟೋದಂಥ ದೊಡ್ಡ ಕಣ್ಣಿನ ಆಸ್ಪತ್ರೆಗೆ ರೆಫರಲ್ ಬರೆಸಿಕೊಳ್ಳಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ. ಮಕ್ಕಳ ಪೊರೆಗೆ ಯಾವ ಆಸ್ಪತ್ರೆ ಯೋಜನೆಯಡಿ ಬರುತ್ತದೆ, ರೆಫರಲ್ ಪತ್ರ ಬೇಕೇ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರ ಬಳಿ ಮೊದಲೇ ಕೇಳಿಕೊಳ್ಳಿ. ಮಗುವಿನ ಹೆಸರು ರೇಷನ್ ಕಾರ್ಡ್‌ಗೆ ಇನ್ನೂ ಸೇರಿಲ್ಲ ಎಂದು ಮನೆಯಲ್ಲೇ ಕೂರಬೇಡಿ, ತಾಯಿ ಕಾರ್ಡ್ ಮತ್ತು ಪೋಷಕರ ದಾಖಲೆ ಹಿಡಿದು ಹೋಗಿ ವಿಚಾರಿಸಿ.

ಡಾಕ್ಟ್ರನ್ನು ಕೇಳಬೇಕಾದ ಪ್ರಶ್ನೆಗಳು

• ಈ ಪೊರೆಗೆ ಆಪರೇಷನ್ ಬೇಕೇ? ಎಷ್ಟು ದಿನದೊಳಗೆ?
• ಇನ್ನೊಂದು ಕಣ್ಣು ಹೇಗಿದೆ? ಹೃದಯ, ಕಿವಿ ಪರೀಕ್ಷೆ ಬೇಕೇ?
• ಲೆನ್ಸ್ ಈಗ ಹಾಕುತ್ತೀರಾ, ಆಮೇಲೆಯೇ?
• ಲೇಸರ್ ಎಂದು ಹೇಳುತ್ತಿರುವುದು ಯಾವ ಹಂತಕ್ಕೆ? ಅದಿಲ್ಲದೆ ಮಾಡಿದರೆ ನಮ್ಮ ಮಗುವಿಗೆ ಆಗುವ ವ್ಯತ್ಯಾಸ ಏನು?
• ಕನ್ನಡಕ, ಪಟ್ಟಿ ಯಾವತ್ತಿನಿಂದ? ದಿನಕ್ಕೆ ಎಷ್ಟು ಗಂಟೆ?
• ಮುಂದಿನ ತಪಾಸಣೆಗಳು ಯಾವಾಗ? ನಮ್ಮ ಊರಿನ ಹತ್ತಿರ ಎಲ್ಲಾದರೂ ಮಾಡಿಸಬಹುದೇ?

ಕೊನೆಯ ಪ್ರಶ್ನೆ ಚಿಕ್ಕದೆನಿಸಿದರೂ ಅದನ್ನು ಮರೆಯಬೇಡಿ. ತಪಾಸಣೆಗೆ ಪ್ರತಿ ಸಲ ಒಂದು ದಿನದ ಕೂಲಿ, ಬಸ್ ಚಾರ್ಜ್ ಹೋಗುತ್ತದೆ, ಎರಡು–ಮೂರು ಸಲ ಆದ ಮೇಲೆ ಹೋಗುವುದೇ ನಿಂತುಹೋಗುತ್ತದೆ. ಲೇಸರ್‌ಗೆಂದು ದುಡ್ಡು ಎತ್ತಿಡುವ ಮನೆಯವರು ಅದನ್ನು ಈ ಓಡಾಟಕ್ಕೆ, ಪವರ್ ಬದಲಾದಂತೆ ಬದಲಿಸಬೇಕಾದ ಕನ್ನಡಕಕ್ಕೆ ಎತ್ತಿಟ್ಟರೆ ಮಗುವಿನ ಕಣ್ಣಿಗೆ ಹೆಚ್ಚು ಪ್ರಯೋಜನ.